ಹಿಟಾಚಿ ಹೀಟ್ ಆಗ್ತಿದೆಯಾ? ವಾಟರ್ ಪಂಪ್ ನೋಡಿ

ಗೇಜ್ ಮುಳ್ಳು ಕೆಂಪಿಗೆ ಏರಿದ್ರೆ ಕೆಲಸ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಲೇಬೇಡಿ, ಮುಖ ಸುಟ್ಟುಹೋಗುತ್ತೆ.

ಎಂಜಿನ್ ತಣ್ಣಗಾದ ಮೇಲೆ ಕೀ ತೆಗೆದು ಜೇಬಿಗಿಟ್ಕೊಂಡು, ಪಂಪ್ ಕೆಳಗೆ ಟಾರ್ಚ್ ಬಿಡಿ. ಅಲ್ಲೊಂದು ಸಣ್ಣ ತೂತಿದೆ. ಸುತ್ತ ಕಲೆ ಕಟ್ಟಿ, ಕೂಲಂಟ್ ತೊಟ್ಟಿಕ್ತಾ ಇದ್ರೆ ಒಳಗಿನ ಸೀಲ್ ಹೋಗಿದೆ. ಬೆಲ್ಟ್ ಬಿಚ್ಚಿ ಪುಲ್ಲಿ ಅಲ್ಲಾಡಿಸಿ. ಆಟ ಇದ್ರೆ ಬೇರಿಂಗೂ ಹೋಗಿದೆ. ಎರಡೂ ಇಲ್ವಾ? ಪಂಪ್ ಬಿಚ್ಚೋ ಮೊದಲು ಧೂಳು ಮೆತ್ತಿದ ರೇಡಿಯೇಟರ್, ಥರ್ಮೋಸ್ಟಾಟ್ ನೋಡಿ.

ಹೊಸ ಪಂಪ್ ಕೂರಿಸೋ ಮುಂಚೆ ಹಳೇ ಗ್ಯಾಸ್ಕೆಟ್ ಚೂರು ಒಂದೂ ಉಳಿಯದ ಹಾಗೆ ಕೆರೆದು ಒರೆಸಿ. ಉಳಿದ್ರೆ ಅಲ್ಲೇ ಮತ್ತೆ ಸೋರೋದು. ಬೋಲ್ಟ್‌ಗಳನ್ನ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ.

ಬೋರ್‌ವೆಲ್ ನೀರು ಮಾತ್ರ ತುಂಬಬೇಡಿ, ಕೈಮುಗೀತೀನಿ. ಒಳಗೆ ತುಕ್ಕು, ಸುಣ್ಣ ಕಟ್ಟುತ್ತೆ. ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟನ್ನೇ ಹಾಕಿ.