ಯಂತ್ರಕ್ಕೆ ಅರಿವು ಬಂದರೆ ಮನುಷ್ಯನ ಬೆಲೆ ಇಳಿಯುವುದೇ?

ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಂದು ನಮ್ಮ ಮೊಬೈಲ್‌ಗಳಲ್ಲಿ ಕನ್ನಡದಲ್ಲೇ ಮಾತನಾಡುತ್ತಿವೆ. ಕೇಳಿದರೆ ಪ್ರಾರ್ಥನೆ ಬರೆದುಕೊಡುತ್ತವೆ, ದುಃಖದಲ್ಲಿರುವವರಿಗೆ ಸಾಂತ್ವನ ಹೇಳುತ್ತವೆ. 2017ರಲ್ಲಿ ಸೌದಿ ಅರೇಬಿಯಾ ದೇಶವು 'ಸೋಫಿಯಾ' ಎಂಬ ರೋಬೋಟ್‌ಗೆ ಪೌರತ್ವ ಘೋಷಿಸಿತು. 2022ರಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರ್ ಒಬ್ಬರು ತಾವು ಪರೀಕ್ಷಿಸುತ್ತಿದ್ದ 'ಲ್ಯಾಮ್ಡಾ' ಎಂಬ ಯಂತ್ರಕ್ಕೆ ಅರಿವಿದೆ ಎಂದರು; ಸಂಸ್ಥೆ ಅದನ್ನು ಒಪ್ಪಲಿಲ್ಲ. ಹಾಗಾದರೆ ನಾಳೆ ಯಂತ್ರಕ್ಕೂ ನೋವು ನಲಿವು ತಿಳಿಯುವಂತಾದರೆ, ಮನುಷ್ಯ ಜೀವ ಅದಕ್ಕಿಂತ ಮಿಗಿಲು ಎನ್ನಲು ಆಧಾರವೇನು?

ಈ ಪ್ರಶ್ನೆಯನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳನ್ನು ಮುಂದಿಟ್ಟುಕೊಂಡು ನೋಡೋಣ. ಕರಾವಳಿಯ ನಮಗೆ ಅವು ದೂರದ ಊರುಗಳು, ನಿಜ. ಆದರೆ ಯಂತ್ರದ ಎದುರು ಮನುಷ್ಯನ ಬೆಲೆ ಎಷ್ಟು ಎಂಬುದು ಅಲ್ಲಿನ ದುಡಿಯುವ ಜನರಿಗೆ ಪುಸ್ತಕದ ಪ್ರಶ್ನೆಯಲ್ಲ, ದಿನನಿತ್ಯದ ಪ್ರಶ್ನೆ.

ಮಾತು ಬೇರೆ, ಅನುಭವ ಬೇರೆ

ಈ ಯಂತ್ರಗಳು ಕೆಲಸ ಮಾಡುವ ರೀತಿಯನ್ನು ಮೊದಲು ತಿಳಿಯಬೇಕು. ಮನುಷ್ಯರು ಬರೆದಿಟ್ಟ ಅಪಾರ ಬರಹಗಳನ್ನು ಅವುಗಳಿಗೆ ಉಣಿಸಲಾಗುತ್ತದೆ. ಯಾವ ಪದದ ನಂತರ ಯಾವ ಪದ ಬರಬಹುದು ಎಂಬ ಲೆಕ್ಕವನ್ನು ಅವು ಕಲಿಯುತ್ತವೆ. ದುಃಖದ ಬಗ್ಗೆ ಸಾವಿರಾರು ಜನ ಬರೆದಿರುವುದರಿಂದ 'ನನಗೆ ದುಃಖವಾಗುತ್ತಿದೆ' ಎಂಬ ವಾಕ್ಯವನ್ನು ಯಂತ್ರವೂ ಕಟ್ಟಬಲ್ಲದು. ಆದರೆ ಆ ವಾಕ್ಯ ದುಃಖಕ್ಕೆ ಸಾಕ್ಷಿಯಲ್ಲ. ತಕ್ಕಡಿ ಮೂಟೆಯ ಭಾರವನ್ನು ಸರಿಯಾಗಿ ತೋರಿಸುತ್ತದೆ. ಭಾರದ ನೋವು ಗೊತ್ತಿರುವುದು ಹೊತ್ತ ಹಮಾಲನ ಬೆನ್ನಿಗೆ ಮಾತ್ರ.

ಅರಳಗುಂಡಗಿಯ ಹಕ್ಕಿಗಳು

ಮಾತು ಬಾರದಿದ್ದರೂ ಹಸಿವು ಬಲ್ಲ ಜೀವಿಗಳಿವೆ. ಕಲಬುರಗಿಯ ಮಹಾ ದಾಸೋಹಿ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ. ಒಕ್ಕಲುತನ ಮಾಡುತ್ತಿದ್ದ ಅವರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತೆನೆ ತಿನ್ನಲು ಬಿಟ್ಟು ಕುಡಿಯಲು ನೀರನ್ನೂ ಇಡುತ್ತಿದ್ದರು ಎಂದು ಆ ಭಾಗದ ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಪ್ರಾಣಿಗಳನ್ನು ವೃಥಾ ಹಿಂಸಿಸುವುದು ಮನುಷ್ಯನ ಘನತೆಗೇ ಕುಂದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಬೋಧಿಸುತ್ತದೆ. ಆದುದರಿಂದ ಮುಂದೊಂದು ದಿನ ನಿಜವಾಗಿ ನೋಯುವ ಯಂತ್ರ ಬಂದರೆ ಅದನ್ನು ಹಿಂಸಿಸುವುದು ಸರಿಯೆಂದು ಯಾವ ಕ್ರೈಸ್ತನೂ ಹೇಳಲಾರ. ಆದರೆ ಅದರಿಂದ ಮನುಷ್ಯನ ಬೆಲೆ ಕಡಿಮೆಯಾಗುವುದಿಲ್ಲ. ಹಕ್ಕಿಗೆ ಕಾಳು ಬಿಟ್ಟದ್ದರಿಂದ ಶರಣರ ಮನೆಯ ದಾಸೋಹದಲ್ಲಿ ಮನುಷ್ಯರಿಗೆ ಅನ್ನ ಕಡಿಮೆಯಾಗಲಿಲ್ಲವಲ್ಲ!

ಘನತೆ ಸಾಮರ್ಥ್ಯದಿಂದ ಬಂದದ್ದಲ್ಲ

2025ರ ಜನವರಿ 28ರಂದು ವ್ಯಾಟಿಕನ್ ಪ್ರಕಟಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ದಾಖಲೆಯು ಕೃತಕ ಬುದ್ಧಿಮತ್ತೆಯ ಕುರಿತು ವಿವರವಾಗಿ ಬೋಧಿಸುತ್ತದೆ. ಈ ಯಂತ್ರಗಳು ಮನುಷ್ಯನ ಬುದ್ಧಿಯ ಇನ್ನೊಂದು ರೂಪವಲ್ಲ, ಆ ಬುದ್ಧಿಯಿಂದ ಹುಟ್ಟಿದ ವಸ್ತುಗಳು ಎಂಬುದು ಅದರ ಮುಖ್ಯ ಅಂಶ. ಎರಡನೆಯ ಅಂಶ ಇನ್ನೂ ಮಹತ್ವದ್ದು. ಮನುಷ್ಯನ ಘನತೆ ಅವನ ಜಾಣತನವನ್ನಾಗಲಿ, ದುಡಿಮೆಯನ್ನಾಗಲಿ ಅವಲಂಬಿಸಿಲ್ಲ. ಆತ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು. ದೇವಪುತ್ರ ಯೇಸು ಧರಿಸಿದ್ದು ಮನುಷ್ಯ ದೇಹವನ್ನು. ಗರ್ಭದಲ್ಲಿರುವ ಮಗು, ಪ್ರಜ್ಞೆ ತಪ್ಪಿ ಮಲಗಿರುವ ರೋಗಿ, ಮಕ್ಕಳ ಹೆಸರನ್ನೂ ಮರೆತ ಅಜ್ಜಿ, ಇವರಾರೂ ಲೆಕ್ಕದಲ್ಲಿ ಯಂತ್ರವನ್ನು ಸೋಲಿಸಲಾರರು. ಸಾಮರ್ಥ್ಯವೇ ಅಳತೆಗೋಲಾದರೆ ಮೊದಲು ಹೊರಬೀಳುವವರು ಇವರೇ. ನಾವು ಹೆದರಬೇಕಾದದ್ದು ಯಂತ್ರ ಮನುಷ್ಯನ ಮಟ್ಟಕ್ಕೆ ಏರೀತೆಂದಲ್ಲ, ಮನುಷ್ಯನನ್ನು ಯಂತ್ರದ ಅಳತೆಯಲ್ಲಿ ಅಳೆದೇವೆಂದು.

ಆಳಂದದ 6,018 ಅರ್ಜಿಗಳು

ಇದಕ್ಕೆ ಆಳಂದವೇ ಉದಾಹರಣೆ. 2022ರ ಡಿಸೆಂಬರ್‌ನಲ್ಲಿ ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಾಗಿದ್ದದ್ದು ಕೇವಲ 24. ಉಳಿದ 5,994 ತಪ್ಪು ಎಂದು ಚುನಾವಣಾ ಆಯೋಗವೇ ಹೇಳಿದೆ. 2023ರ ಫೆಬ್ರವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. ಅರ್ಜಿ ಹಾಕಿದವರು ಯಾರು ಎಂಬುದನ್ನು ತನಿಖೆಗೂ ನ್ಯಾಯಾಲಯಕ್ಕೂ ಬಿಡೋಣ. ನಾವು ಗಮನಿಸಬೇಕಾದ ಅಂಶ ಬೇರೆ. ಕಂಪ್ಯೂಟರ್ ಪರದೆಯ ಮೇಲೆ ಆ 24 ಅರ್ಜಿಗಳೂ ಈ 5,994 ಅರ್ಜಿಗಳೂ ಒಂದೇ ತೆರನಾಗಿದ್ದವು. ವ್ಯತ್ಯಾಸ ತಿಳಿದದ್ದು ಸ್ಥಳದಲ್ಲೇ ವಿಚಾರಿಸಿದಾಗ. ಪರದೆಗೆ ಹೆಸರು ಕಂಡೀತು, ಆ ಹೆಸರಿನ ಹಿಂದಿರುವ ಮನುಷ್ಯನನ್ನು ಕಾಣಬೇಕಾದವನು ಮನುಷ್ಯನೇ.

ಸವೆದ ಬೆರಳು

ಜೇವರ್ಗಿಯ ತೊಗರಿ ಹೊಲದಲ್ಲೂ ಅಫಜಲಪುರದ ಭೀಮಾ ತೀರದ ಕಬ್ಬಿನ ಹೊಲದಲ್ಲೂ ವರ್ಷಗಟ್ಟಲೆ ದುಡಿದವರ ಬೆರಳ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಕೆಲವೊಮ್ಮೆ ಗುರುತು ಹಿಡಿಯುವುದಿಲ್ಲ. ಅನ್ನ ಬೆಳೆದ ಕೈ, ದುಡಿದು ಸವೆದದ್ದರಿಂದಲೇ ಅಕ್ಕಿ ಪಡೆಯಲು ಕಾಯಬೇಕಾಗುವುದು ಎಂತಹ ವಿಪರ್ಯಾಸ! ಉದ್ಯೋಗ ಖಾತ್ರಿ ಕೆಲಸದಲ್ಲೂ 2023ರ ಜನವರಿ 1ರಿಂದ ಮೊಬೈಲ್ ಆ್ಯಪ್ ಮೂಲಕ ದಿನಕ್ಕೆ ಎರಡು ಬಾರಿ ಫೋಟೋ ಸಹಿತ ಹಾಜರಿ ಕಡ್ಡಾಯವಾಯಿತು. ವಂಚನೆ ತಡೆಯುವುದು ಒಳ್ಳೆಯ ಉದ್ದೇಶವೇ. ಆದರೆ ನೆಟ್‌ವರ್ಕ್ ಸಿಗದ ದಿನ ಬಿಸಿಲಲ್ಲಿ ಮಣ್ಣು ಹೊತ್ತವರ ಕೂಲಿಗೇ ಕುತ್ತು ಬಂದ ದೂರುಗಳು ದೇಶದ ಹಲವೆಡೆ ಕೇಳಿಬಂದವು. ಯಂತ್ರ 'ಇಲ್ಲ' ಎಂದಾಗ ಎದುರಿಗೆ ನಿಂತಿರುವ ಮನುಷ್ಯನನ್ನು 'ಇದ್ದಾನೆ' ಎನ್ನುವ ಧೈರ್ಯ ನಮಗಿರಬೇಡವೇ?

ಯಂತ್ರ ವೈರಿಯಲ್ಲ

ಹಾಗೆಂದು ಯಂತ್ರವನ್ನು ದೂರುವುದು ಧರ್ಮಸಭೆಯ ನಿಲುವಲ್ಲ. ತೊಗರಿ ಕೊಯ್ದು ರಾಶಿ ಮಾಡುವ ಯಂತ್ರ ರೈತನ ಹೊರೆ ಇಳಿಸುತ್ತದೆ. ಅದೇ ಹೊತ್ತಿಗೆ ಕೂಲಿ ಕಳೆದುಕೊಂಡವರು ಗುಳೆ ಹೋಗದಂತೆ ನೋಡಿಕೊಳ್ಳುವ ಹೊಣೆ ಸಮಾಜದ್ದು. ಕೆಲವು ಕೆಲಸಗಳನ್ನಂತೂ ಯಂತ್ರವೇ ಮಾಡಬೇಕು. ಮ್ಯಾನ್‌ಹೋಲ್‌ಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆದರೂ ಯಂತ್ರ ದುಬಾರಿಯೆಂದು ಮನುಷ್ಯನನ್ನು ಇಳಿಸಿದರೆ, ಯಾವುದಕ್ಕೆ ಹೆಚ್ಚು ಬೆಲೆ ಎಂಬ ಪ್ರಶ್ನೆಗೆ ನಾವು ಆಗಲೇ ತಪ್ಪು ಉತ್ತರ ಕೊಟ್ಟಂತೆ.

ಯಾವ ಯಂತ್ರವೂ ಮನುಷ್ಯನ ಪ್ರಾಣ ತೆಗೆಯುವ ನಿರ್ಧಾರ ಮಾಡಕೂಡದು ಎಂದು ಪೋಪ್ ಫ್ರಾನ್ಸಿಸ್ 2024ರ ಜೂನ್ 14ರಂದು ಇಟಲಿಯಲ್ಲಿ ನಡೆದ ಜಿ7 ನಾಯಕರ ಸಭೆಯಲ್ಲಿ ಸ್ಪಷ್ಟಪಡಿಸಿದರು. ಹದಿಮೂರನೇ ಲಿಯೋ 1891ರಲ್ಲಿ ಕಾರ್ಮಿಕರ ಪರವಾಗಿ 'ರೇರುಮ್ ನೊವಾರುಮ್' ವಿಶ್ವಪತ್ರ ಹೊರಡಿಸಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಅದನ್ನೇ ಕಾರಣವಾಗಿ ನೀಡಿ, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲೂ ದುಡಿಯುವವರ ಘನತೆಯನ್ನು ಕಾಯಬೇಕಾಗಿದೆ ಎಂದರು.

ಕಲ್ಯಾಣ ಕರ್ನಾಟಕದ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ನಮ್ಮ ಕರಾವಳಿಗೂ ಬರುತ್ತವೆ. ಅವರ ಹೆಸರು ನಮಗೆ ಗೊತ್ತಿದೆಯೇ? ಅವರ ಕಾರ್ಡು, ಅರ್ಜಿ, ಮಕ್ಕಳ ಶಾಲೆಯ ವಿಷಯದಲ್ಲಿ ನಮ್ಮ ಧರ್ಮಕೇಂದ್ರದ ಯುವಜನರು ಒಂದು ಗಂಟೆ ಜೊತೆಗೆ ಹೋಗಬಲ್ಲರೇ? ಯಂತ್ರಕ್ಕೆ ಅರಿವು ಬರುವುದೋ ಇಲ್ಲವೋ ವಿಜ್ಞಾನಿಗಳು ಚರ್ಚಿಸಲಿ. ನೆರೆಯವನ ನೋವಿನ ಅರಿವು ಇಂದೇ ನಮಗೆ ಬರಲಿ.