ಟ್ರಂಪ್ ಹೆಸರಿನ ಪತಂಗ: ತಲೆ ನೋಡಿದ್ರೆ ಗುರುತು ಸಿಗುತ್ತಾ?

ಇವತ್ತು ಒಂದು ಪುಟಾಣಿ ಪತಂಗದ ಕಥೆ. ಹೆಸರು ನಿಯೋಪಾಲ್ಪಾ ಡೊನಾಲ್ಡ್‌ಟ್ರಂಪಿ. ಹೌದು, ಅದೇ ಟ್ರಂಪ್. 2017ರ ಜನವರಿಯಲ್ಲಿ, ಅವರು ಮೊದಲ ಸಲ ಪ್ರಮಾಣ ವಚನ ತಗೊಳ್ಳೋಕೆ ಕೆಲವೇ ದಿನ ಮುಂಚೆ, ಕೆನಡಾದ ವಿಜ್ಞಾನಿ ವಜ್ರಿಕ್ ನಜಾರಿ ಈ ಹೆಸರಿಟ್ಟರು. ಕಾರಣ, ತಲೆ ಮೇಲಿನ ಹಳದಿ-ಬಿಳಿ ಹುರುಪೆಗಳು. ಜೋಕ್ ಎಲ್ಲ ಕಡೆ ಓಡಾಡ್ತು, ಅಲ್ಲಿಗೆ ಸುದ್ದಿ ಮುಗೀತು.

ನನ್ನ ಪ್ರಶ್ನೆ ಬೇರೆ. ಮುಂದಿನ ರೆಕ್ಕೆ 5 ಮಿಲಿಮೀಟರ್ ಕೂಡ ಇಲ್ಲದ ಹುಳ ಹೊಸ ಜಾತಿ ಅಂತ ಗೊತ್ತಾಗೋದು ಹೇಗೆ?

ಇದು ಜೆಲೆಕಿಯಿಡೆ ಅನ್ನೋ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಸಾವಿರಾರು ಜಾತಿ, ಹೆಚ್ಚಿನವು ಕಂದು, ಬೂದು ಬಣ್ಣದವು. ಬರೀ ಕಣ್ಣಲ್ಲಿ ನೋಡಿ ಹೇಳೋದು ಕಷ್ಟ. ಅದಕ್ಕೆ ತಜ್ಞರು ಸತ್ತ ಪತಂಗದ ಹೊಟ್ಟೆ ಭಾಗ ಬೇರ್ಪಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಇಟ್ಟು ಮೆತ್ತಗಿನ ಭಾಗ ಕರಗಿಸ್ತಾರೆ. ಉಳಿಯೋ ಗಟ್ಟಿ ಜನನಾಂಗದ ಆಕಾರವನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾರೆ. ಜಾತಿ ಬದಲಾದ್ರೆ ಸಾಮಾನ್ಯವಾಗಿ ಆ ಆಕಾರವೂ ಬದಲಾಗುತ್ತೆ. (ಟ್ರಂಪ್ ಪತಂಗದ ಗಂಡಿನದ್ದು ಅದರ ದಾಯಾದಿಗಿಂತ ಚಿಕ್ಕದು. ಆ ಜೋಕ್ ಬೇರೆಯವರು ಮಾಡಿಯಾಗಿದೆ, ನಾನು ಮಾಡಲ್ಲ.)

ಎರಡನೇ ಪರೀಕ್ಷೆ ಡಿಎನ್‌ಎ ಬಾರ್‌ಕೋಡ್. ಬಿಕಾಂ ಓದಿದ ನನಗೆ ಬಾರ್‌ಕೋಡ್ ಅಂದ್ರೆ ಸೂಪರ್‌ಮಾರ್ಕೆಟ್ ಬಿಲ್ಲಿಂಗ್ ಕೌಂಟರ್. ಇಲ್ಲೂ ಹೆಚ್ಚುಕಡಿಮೆ ಅದೇ. ಒಂದು ಜೀನ್‌ನ ಸುಮಾರು 650 ಅಕ್ಷರ ಓದಿ, ಬೇರೆ ಮಾದರಿಗಳ ಜೊತೆ ತಾಳೆ ನೋಡೋದು. ನನಗೆ ತುಂಬಾ ಇಷ್ಟ ಆಗಿದ್ದು ಆ ದಾಯಾದಿ ನಿಯೋನಾಟಾದ ಕಥೆ. 1998ರಲ್ಲಿ ಜೆಕ್ ವಿಜ್ಞಾನಿ ಡಾಲಿಬೋರ್ ಪೊವೊಲ್ನಿ ಅದನ್ನ ವಿವರಿಸಿದಾಗ ಕೈಯಲ್ಲಿದ್ದದ್ದು ಸಾಂಟಾ ಕ್ಯಾಟಲೀನಾ ದ್ವೀಪದ ಎರಡು ಗಂಡು ಮಾತ್ರ. ಹೆಣ್ಣು ಯಾವುದು ಅಂತ ಗೊತ್ತಾಗಿದ್ದು ವರ್ಷಗಳ ನಂತರ, ಬಾರ್‌ಕೋಡ್ ತಾಳೆಯಾದಾಗ! ಅದೇ ಅಧ್ಯಯನದಲ್ಲಿ ಟ್ರಂಪ್ ಪತಂಗವೂ ಬೇರೆ ಜಾತಿ ಅಂತ ತೀರ್ಮಾನವಾಯ್ತು.

ಅದರ ನೆಲೆ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ. ಗೋಡೆ ಕಟ್ತೀನಿ ಅಂದವರ ಹೆಸರಿನ ಹುಳ ಗಡಿಯ ಎರಡೂ ಕಡೆ ಇದೆ, ಇರಲಿ. ಅಲ್ಲಿ ಊರು ಬೆಳೀತಾ ನೆಲೆ ಕರಗ್ತಿದೆ. ಇಂಥ ಜಾಗಗಳ ಕಡೆ ಜನರ ಗಮನ ಸೆಳೆಯೋಕೇ ಈ ಹೆಸರು ಅಂತ ನಜಾರಿ ಹೇಳಿದ್ದರು. ನನಗದು ಗಿಮಿಕ್ ಅನ್ಸಲ್ಲ. ಲೆಡ್ಜರ್‌ನಲ್ಲಿ ಖಾತೆಯೇ ಇಲ್ಲದವರ ನಷ್ಟ ಯಾರು ಬರೀತಾರೆ?

ಕ್ಯಾಲಿಫೋರ್ನಿಯಾದಲ್ಲಿ ಕೇಳ್ತಿರೋ ಕನ್ನಡಿಗರೇ, ದೀಪದ ಹತ್ತಿರ ಹಳದಿ ತಲೆಯ ಪುಟ್ಟ ಪತಂಗ ಕಂಡ್ರೆ ಫೋಟೋ ತೆಗೆದು, ಜಾಗ, ತಾರೀಖು ಬರೆದಿಡಿ. ಹೆಸರು ಮಾತ್ರ ತಜ್ಞರಿಗೆ ಬಿಡಿ.