ಲಕ್ಕಿ ಸೊಪ್ಪಿಗೂ ಒಂದು ಪರೀಕ್ಷೆ

ಆಟವಾಡುವಾಗ ಬಿದ್ದು ಕಾಲು ಉಳುಕಿಸಿಕೊಂಡು ಬಂದ ಮೊಮ್ಮಗನಿಗೆ ಅಜ್ಜಿಯ ಉಪಚಾರ ಸಿದ್ಧವಾಗಿಯೇ ಇರುತ್ತದೆ. ಬೇಲಿಯ ಲಕ್ಕಿ ಗಿಡದಿಂದ ಸೊಪ್ಪು ಕಿತ್ತು, ಬಾಡಿಸಿ, ಊದಿದ ಜಾಗಕ್ಕೆ ಬಿಸಿಬಿಸಿಯಾಗಿ ಕಟ್ಟುತ್ತಾರೆ. ಕೆಲವು ದಿನಗಳಲ್ಲಿ ಊತ ಇಳಿಯುತ್ತದೆ. ಇಳಿಸಿದ್ದು ಸೊಪ್ಪೋ, ಅದರ ಶಾಖವೋ, ಅಥವಾ ಊತ ತಾನಾಗಿಯೇ ಇಳಿಯಿತೋ?

ಪೆಟ್ಟು ಬಿದ್ದ ಕಡೆ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಅವುಗಳಿಂದ ದ್ರವ ಜಿನುಗುತ್ತದೆ, ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಇದು ದೇಹದ ರಕ್ಷಣಾ ಕ್ರಮವೇ ಹೌದು. ಆದರೆ ಕೀಲುವಾತದಂತಹ ಕಾಯಿಲೆಗಳಲ್ಲಿ ಅದು ನಿಲ್ಲದೆ ಮುಂದುವರಿದು ಕೀಲುಗಳನ್ನೇ ಹಾಳುಮಾಡುತ್ತದೆ. ಆಗ ಔಷಧ ಬೇಕಾಗುತ್ತದೆ.

ಗಿಡಮರಗಳಲ್ಲಿ ಅಂತಹ ಔಷಧ ಸಿಗಬಲ್ಲದು ಎಂಬುದಕ್ಕೆ ಆಸ್ಪಿರಿನ್ನಿನ ಕಥೆಯೇ ಸಾಕ್ಷಿ. ವಿಲೋ ಮರದ ತೊಗಟೆ ಜ್ವರ ಇಳಿಸುತ್ತದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಮುಂದೆ ತೊಗಟೆಯ ಸಾರವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲೇ 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಆಸ್ಪಿರಿನ್ ತಯಾರಾಯಿತು. ಅದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್, 1982ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು.

ಹಾಗಾದರೆ ಎಲೆಯೊಂದನ್ನು ಪರೀಕ್ಷಿಸುವುದು ಹೇಗೆ? ಮೊದಲು ಸಸ್ಯಶಾಸ್ತ್ರಜ್ಞರು ಗಿಡವನ್ನು ಗುರುತಿಸಬೇಕು. 'ಬ್ರಾಹ್ಮಿ' ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಹೆಸರು ಒಂದೇ, ಗಿಡ ಎರಡು! ನಂತರ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರು ಅಥವಾ ಆಲ್ಕೋಹಾಲಿನಲ್ಲಿ ಸಾರ ತೆಗೆಯುತ್ತಾರೆ. ಯಾವ ಪ್ರಮಾಣ ಸುರಕ್ಷಿತ ಎಂಬುದನ್ನು ನೋಡಿಕೊಳ್ಳುತ್ತಾರೆ.

ಮುಂದಿನ ಹಂತಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು. ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಮದ್ದಿಲ್ಲದ ದ್ರವ, ಇನ್ನೊಂದಕ್ಕೆ ಇಂಡೊಮೆಥಸಿನ್‌ನಂತಹ ಪರಿಚಿತ ಔಷಧ, ಉಳಿದವುಗಳಿಗೆ ಎಲೆಯ ಸಾರ. ಆಮೇಲೆ ಕಡಲಕಳೆಯಿಂದ ತೆಗೆದ ಕ್ಯಾರಗೀನನ್ ಎಂಬ ವಸ್ತುವನ್ನು ಪ್ರತಿ ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚುತ್ತಾರೆ. ಪಾದ ಊದುತ್ತದೆ. ಪಾದವನ್ನು ದ್ರವದಲ್ಲಿ ಅದ್ದಿದಾಗ ಎಷ್ಟು ದ್ರವ ಪಲ್ಲಟವಾಗುತ್ತದೆ ಎಂಬುದರಿಂದ ಊತವನ್ನು ಅಳೆಯುತ್ತಾರೆ. ಶಾಲೆಯಲ್ಲಿ ಕಲ್ಲಿನ ಗಾತ್ರ ಅಳೆಯುವ ವಿಧಾನವೇ ಇದು! 1962ರಿಂದ ಈ ಪರೀಕ್ಷೆ ಬಳಕೆಯಲ್ಲಿದೆ.

ಲೆಕ್ಕವೂ ಸುಲಭ. ಮದ್ದಿಲ್ಲದ ಗುಂಪಿನಲ್ಲಿ ಊತ ಸರಾಸರಿ 0.80 ಮಿ.ಲೀ., ಸಾರ ಪಡೆದ ಗುಂಪಿನಲ್ಲಿ 0.48 ಮಿ.ಲೀ. ಎಂದುಕೊಳ್ಳಿ. ವ್ಯತ್ಯಾಸ 0.32. ಅಂದರೆ ಶೇಕಡ 40ರಷ್ಟು ಊತ ಕಡಿಮೆ. ಮೊದಲ ಗುಂಪೇ ಇಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಅಜ್ಜಿಯ ಉಪಚಾರದಲ್ಲಿ ಇಲ್ಲದಿರುವುದು ಈ ಹೋಲಿಕೆಯೇ.

ಲಕ್ಕಿ ಸೊಪ್ಪು ಇಂತಹ ಪರೀಕ್ಷೆಗೆ ಒಳಗಾಗಿದೆ. ಅದರ ಹಸಿ ಎಲೆಯ ನೀರಿನ ಸಾರ ಇಲಿಗಳ ಊತ ತಗ್ಗಿಸಿತೆಂದು ಶ್ರೀಲಂಕಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಹಾಗೆಂದು ಮನುಷ್ಯರ ಕಾಯಿಲೆಗೆ ಔಷಧ ಸಿಕ್ಕಿತೆಂದಲ್ಲ. ಇಲಿಗೆ ಕುಡಿಸಿದ ಸಾರವೇ ಬೇರೆ, ಕಾಲಿಗೆ ಕಟ್ಟಿದ ಸೊಪ್ಪೇ ಬೇರೆ. ಸಾರದ ಯಾವ ಅಂಶ, ಎಷ್ಟು ಪ್ರಮಾಣದಲ್ಲಿ, ಯಾರಿಗೆ ಎಂಬುದು ಮನುಷ್ಯರ ಮೇಲಿನ ಪರೀಕ್ಷೆಗಳಿಂದಲೇ ತಿಳಿಯಬೇಕು.

'ಗಿಡದ್ದಲ್ಲವೇ, ತೊಂದರೆಯಿಲ್ಲ' ಎಂಬ ಮಾತನ್ನು ಪಾಲಕರು ನಂಬಬಾರದು. ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಮೂತ್ರಪಿಂಡ ಕೆಡಿಸುವ ಆಮ್ಲವಿದೆ. ಅಂತಹ ಮೂಲಿಕೆ ಬೆರೆತ ತೂಕ ಇಳಿಸುವ ಮಾತ್ರೆ ಸೇವಿಸಿ ಬೆಲ್ಜಿಯಂನಲ್ಲಿ 1990ರ ದಶಕದಲ್ಲಿ ಅನೇಕ ಮಹಿಳೆಯರು ಮೂತ್ರಪಿಂಡ ಕಳೆದುಕೊಂಡರು. ಮಗುವಿಗೆ ಊತದ ಜೊತೆ ಜ್ವರವಿದ್ದರೆ, ಕಾಲೂರಲು ಆಗದಿದ್ದರೆ, ವೈದ್ಯರಲ್ಲಿಗೇ ಕರೆದೊಯ್ಯಬೇಕು.

ಅಜ್ಜಿಯ ಅನುಭವವನ್ನು ನಗೆಯಾಡಬೇಕಿಲ್ಲ. ಪ್ರಯೋಗಾಲಯಕ್ಕೆ ಪ್ರಶ್ನೆ ಒದಗಿಸಿದ್ದು ಅದೇ. ಉತ್ತರ ಹುಡುಕುವ ಕೆಲಸ ಮೊಮ್ಮಕ್ಕಳದ್ದು.